ಎರಡೇ ಕೂಗು, ಮೂರು ಸುದ್ದಿ

ನೈಜೀರಿಯಾದ ಪೂರ್ವದ ತುದಿಯಲ್ಲಿ, ಕ್ಯಾಮರೂನ್ ಗಡಿಗೆ ತಾಗಿಕೊಂಡು ಗಶಾಕ ಗುಮ್ಟಿ ಅನ್ನುವ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಕಾಡಿನಲ್ಲಿ ಮೂಗಿನ ಮೇಲೆ ಬಿಳಿ ಮಚ್ಚೆ ಇರುವ ಒಂದು ಜಾತಿಯ ಮಂಗಗಳಿವೆ. ಇಂಗ್ಲಿಷಿನಲ್ಲಿ ಪುಟಿ-ನೋಸ್ಡ್ ಮಂಕಿ ಅಂತಾರೆ, ನಾನು ಬಿಳಿಮೂಗಿನ ಮಂಗ ಅಂತಲೇ ಕರೆಯುತ್ತೇನೆ. ಒಂದು ಗುಂಪಿಗೆ ಒಂದೇ ದೊಡ್ಡ ಗಂಡು. ಹೆಣ್ಣುಗಳೂ ಮರಿಗಳೂ ಮರದ ಮೇಲೆ ಅಲ್ಲಲ್ಲಿ ಚದುರಿಕೊಂಡು ಮೇಯುತ್ತಿರುತ್ತವೆ. ಎಲೆ ಎಷ್ಟು ದಟ್ಟ ಅಂದರೆ ಒಬ್ಬರಿಗೊಬ್ಬರು ಕಾಣುವುದೇ ಇಲ್ಲ. ಹಾಗಾಗಿ ಎಲ್ಲ ಕಿವಿಯ ಮೇಲೆ.

ಆ ದೊಡ್ಡ ಗಂಡಿನ ಬಳಿ ದೂರಕ್ಕೆ ಕೇಳುವಂಥ ಕೂಗು ಮುಖ್ಯವಾಗಿ ಎರಡೇ. ಒಂದು ‘ಪಿಯಾವ್’. ಇನ್ನೊಂದು ‘ಹ್ಯಾಕ್’, ಕೆಮ್ಮಿದ ಹಾಗೆ, ಮೊಟಕಾದದ್ದು. ಚಿರತೆ ಗುರುಗುಟ್ಟಿದ್ದು ಕೇಳಿಸಿದರೆ ಸಾಮಾನ್ಯವಾಗಿ ಪಿಯಾವ್‌ಗಳ ಸಾಲು. ಕಿರೀಟ ಹದ್ದಿನ ಸದ್ದು ಬಂದರೆ ಹ್ಯಾಕ್‌ಗಳ ಸಾಲು. ಇಲ್ಲಿಯವರೆಗೆ ಸರಿ, ನೆಲದ ಶತ್ರುವಿಗೊಂದು, ಆಕಾಶದ ಶತ್ರುವಿಗೊಂದು. ಆದರೆ ಕೇಟ್ ಆರ್ನಾಲ್ಡ್ ಮತ್ತು ಕ್ಲಾಸ್ ಜುಬರ್‌ಬ್ಯೂಲರ್ ಅನ್ನುವ ಇಬ್ಬರು ಸಂಶೋಧಕರು ಮೂರನೆಯದೊಂದನ್ನು ಗಮನಿಸಿದರು. ಗಂಡು ಒಮ್ಮೊಮ್ಮೆ ಒಂದರಿಂದ ನಾಲ್ಕು ಪಿಯಾವ್ ಕೂಗಿ, ಬೆನ್ನಿಗೇ ನಾಲ್ಕರವರೆಗೆ ಹ್ಯಾಕ್ ಸೇರಿಸುತ್ತಿತ್ತು. ಚಿರತೆಯೂ ಇಲ್ಲ, ಹದ್ದೂ ಇಲ್ಲ. ಸ್ವಲ್ಪ ಹೊತ್ತಿಗೆ ಇಡೀ ಗುಂಪು ಅಲ್ಲಿಂದ ಕಾಲ್ಕಿತ್ತಿತು. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಇದನ್ನು ಬರೆದರು. ಎರಡು ಕೂಗು ಸೇರಿದಾಗ ಮಂಗಗಳು ಮಾಡುವುದು ಹೊರಡುವ ಕೆಲಸ.

ಎರಡು ವರ್ಷ ಬಿಟ್ಟು ಅವರು ಇನ್ನೂ ಮುಂದೆ ಹೋದರು. ಮುದ್ರಿಸಿಕೊಂಡ ಕೂಗುಗಳನ್ನು ಜೋಡಿಸಿ ಸ್ಪೀಕರ್‌ನಲ್ಲಿ ಕೇಳಿಸಿದರು. ಹೆಣ್ಣುಗಳು ಕದಲಿದವು. ಆದರೆ ತಮ್ಮ ಗುಂಪಿನ ಗಂಡಿನ ದನಿಗೆ ಮಾತ್ರ. ಬೇರೆ ಗುಂಪಿನ ಗಂಡು ‘ಹೊರಡೋಣ’ ಅಂದರೆ ಇವಕ್ಕೇನಾಗಬೇಕು? ಆ ಒಂದು ಕೂಗಿನ ಸಾಲಿನಲ್ಲಿ ಕೂಗಿದವರು ಯಾರು, ಏನು ಕಂಡರು, ಹೊರಡುವ ಇರಾದೆ ಇದೆಯಾ ಅನ್ನುವ ಮೂರೂ ಸುದ್ದಿ ಕೇಳುವವರಿಗೆ ಮುಟ್ಟುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆ ಸುದ್ದಿ. ಪತ್ರಿಕೆಗಳು ನಿಲ್ಲಿಸಿದ್ದೂ ಇಲ್ಲಿಗೇ: ‘ಮಂಗಗಳಿಗೂ ವ್ಯಾಕರಣ!’ ಅನ್ನುವ ತಲೆಬರಹ ಹಾಕಿ. ನನಗೆ ಕುತೂಹಲ ಶುರುವಾದದ್ದು ಮಾತ್ರ ಆಮೇಲೆ. ಚಿರತೆಯ ಕೂಗಿಗೆ ಹದ್ದಿನ ಕೂಗು ಕೂಡಿಸಿದರೆ ‘ಚಿರತೆಯೂ ಹದ್ದೂ ಬಂದಿವೆ’ ಅಂತಾಗಬೇಕಲ್ವಾ? ‘ನಡೀರಿ, ಹೊರಡೋಣ’ ಅಂತ ಹೇಗಾಯಿತು? ಬಿಡಿಬಿಡಿಯಾಗಿ ಕೂಡಿಸಿದರೆ ಬರದ ಅರ್ಥ ಇದು. ನುಡಿಗಟ್ಟಿನ ಜಾತಿಯದು. ಆರ್ನಾಲ್ಡ್ ಮತ್ತು ಜುಬರ್‌ಬ್ಯೂಲರ್ ಕೂಡ 2012ರ ಹೊತ್ತಿಗೆ ಇದೇ ಪ್ರಶ್ನೆ ಎತ್ತಿಕೊಂಡು, ಇದು ನುಡಿಗಟ್ಟಿನ ಹಾಗೆ ಕೆಲಸ ಮಾಡುತ್ತಿದೆ ಅನ್ನುವ ಕಡೆಗೆ ವಾಲಿದರು.

ಫಿಲಿಪ್ ಶ್ಲೆಂಕರ್ ಅನ್ನುವ ಭಾಷಾವಿಜ್ಞಾನಿಗೆ ಮತ್ತು ಅವರ ಸಂಗಡಿಗರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮನುಷ್ಯರ ಭಾಷೆಯ ಅರ್ಥವನ್ನು ಬಿಡಿಸುವ ಉಪಕರಣಗಳನ್ನೇ ಇವರು ಮಂಗಗಳ ಕೂಗಿಗೆ ಹಚ್ಚಿದವರು. ಅವರ ವಾದ ನನಗೆ ತುಂಬಾ ಹಿಡಿಸಿತು, ಯಾಕಂದರೆ ಅದರಲ್ಲಿ ಮಾಂತ್ರಿಕ ಏನೂ ಇಲ್ಲ. ಪಿಯಾವ್ ಅಂದರೆ ಚಿರತೆ ಅಂತಲ್ಲ, ಬರೀ ‘ಗಮನ ಕೊಡಿ’ ಅಂತ ಇಟ್ಟುಕೊಳ್ಳಿ. ಹ್ಯಾಕ್ ಅಂದರೆ ಹದ್ದು ಅಂತಲ್ಲ, ‘ಮೇಲೆ ಏನೋ ಕದಲುತ್ತಿದೆ’ ಅಂತ. ಈಗ ಒಂದು ಸರಳ ನಿಯಮ ಸೇರಿಸಿ: ಅಪಾಯದ ಬಗ್ಗೆ ಸುಳಿವು ಕೊಡುವ ಕೂಗು ಮೊದಲು ಬರಬೇಕು. ಹದ್ದು ನಿಜಕ್ಕೂ ಬಂದಿದ್ದರೆ ಯಾರಾದರೂ ಮೊದಲು ಎರಡು ಸಲ ‘ಗಮನ ಕೊಡಿ’ ಅಂತ ಕೂತಿರುತ್ತಾರಾ? ಹ್ಯಾಕ್ ಹಿಂದೆ ಬಂತು ಅಂದರೆ ಅವಸರವಿಲ್ಲ. ಅವಸರವಿಲ್ಲ ಅಂದರೆ ಹದ್ದಲ್ಲ. ಹದ್ದಲ್ಲ, ಆದರೂ ಮರದ ಮೇಲೆ ಕದಲಾಟವಿದೆ ಅಂದರೆ ಕದಲುವುದು ನಾವೇ.

ಈ ವಿವರಣೆಯಲ್ಲಿ ಕೂಗುವ ಗಂಡು ಜಾಣನಾಗಬೇಕಿಲ್ಲ. ಲೆಕ್ಕಾಚಾರದ ಹೆಚ್ಚಿನ ಭಾಗ ನಡೆಯುವುದು ಕೇಳುವ ಹೆಣ್ಣುಗಳ ತಲೆಯಲ್ಲಿ. ಮಂಗಗಳ ಕೂಗಿನ ಬಗ್ಗೆ ಓದುತ್ತಾ ಹೋದ ಹಾಗೆ ನನಗೆ ಮತ್ತೆ ಮತ್ತೆ ಎದುರಾದದ್ದು ಇದೇ. ನಾವೆಲ್ಲ ಕೂಗುವವನನ್ನೇ ನೋಡುತ್ತಾ ಇರುತ್ತೇವೆ. ಕಸುಬು ಇರುವುದು ಕೇಳುವವರ ಕಡೆ.

ಅಂದಹಾಗೆ, ಮಂಗನ ಕೂಗಿಗೆ ಅರ್ಥವಿದೆ ಅಂತ ತೋರಿಸುವುದಾದರೂ ಹೇಗೆ? ಮಂಗ ಕೂಗಿತು, ಎಲ್ಲ ಮರ ಹತ್ತಿದವು ಅಂದರೆ ಕೂಗು ಕೇಳಿ ಹತ್ತಿದವೋ, ಚಿರತೆಯನ್ನೇ ನೋಡಿ ಹತ್ತಿದವೋ? ಇದನ್ನು ಬಿಡಿಸಿದ್ದು ಕೀನ್ಯಾದ ಅಂಬೋಸೆಲಿಯಲ್ಲಿ. ಅಲ್ಲಿನ ವರ್ವೆಟ್ ಮಂಗಗಳು ಚಿರತೆಗೆ, ಹದ್ದಿಗೆ, ಹಾವಿಗೆ ಬೇರೆ ಬೇರೆ ಕೂಗು ಹಾಕುತ್ತವೆ ಅಂತ 1960ರ ದಶಕದಲ್ಲೇ ಥಾಮಸ್ ಸ್ಟ್ರುಸೇಕರ್ ಬರೆದಿದ್ದರು. ರಾಬರ್ಟ್ ಸೇಫರ್ತ್, ಡೊರೊಥಿ ಚೀನೀ ಮತ್ತು ಪೀಟರ್ ಮಾರ್ಲರ್ ಅಲ್ಲಿ ಸ್ಪೀಕರ್ ಬಚ್ಚಿಟ್ಟು, ಶತ್ರು ಯಾವುದೂ ಇಲ್ಲದ ಹೊತ್ತಿನಲ್ಲಿ ಬರೀ ಕೂಗು ಕೇಳಿಸಿದರು. ಚಿರತೆಯ ಕೂಗಿಗೆ ಮಂಗಗಳು ಮರಕ್ಕೆ ಓಡಿದವು. ಹದ್ದಿನ ಕೂಗಿಗೆ ಮೇಲೆ ನೋಡಿದವು, ಪೊದೆಗೆ ನುಗ್ಗಿದವು. ಹಾವಿನ ಕೂಗಿಗೆ ಹಿಂಗಾಲಿನ ಮೇಲೆ ಎದ್ದು ನಿಂತು ಹುಲ್ಲಿನಲ್ಲಿ ಹುಡುಕಿದವು. 1980ರಲ್ಲಿ ಇದು ಪ್ರಕಟವಾಯಿತು. ಅದರಲ್ಲಿ ನನಗೆ ತುಂಬಾ ಇಷ್ಟವಾದ ವಿವರ ಮರಿಗಳದ್ದು. ಮರಿಗಳು ಅಪಾಯವಿಲ್ಲದ ಹಕ್ಕಿಗೂ, ಮೇಲಿಂದ ಬೀಳುವ ಎಲೆಗೂ ಹದ್ದಿನ ಕೂಗು ಹಾಕಿಬಿಡುತ್ತವೆ. ಆದರೆ ಅಂಥವಕ್ಕೆ ಚಿರತೆಯ ಕೂಗು ಹಾಕುವುದಿಲ್ಲ. ಅಂದರೆ ‘ಮೇಲಿನದು’ ಅನ್ನುವುದು ಹುಟ್ಟಿನಿಂದ ಗೊತ್ತು. ಮೇಲಿನದರಲ್ಲಿ ಯಾವುದಕ್ಕೆ ಹೆದರಬೇಕು ಅನ್ನುವುದು ಬೆಳೀತಾ ಕಲಿಯುವಂಥದ್ದು.

ಸ್ಪೀಕರ್ ಅಂದರೆ ನನಗೆ ಶಿರಸಿ ಕಡೆಯ ನಮ್ಮ ಚಿಕ್ಕಪ್ಪನ ತೋಟ ನೆನಪಾಗುತ್ತದೆ. ಮಂಗನ ಕಾಟ ಅಲ್ಲಿ ಯಾರಿಗೂ ಹೊಸದಲ್ಲ. ಎಳೆ ಅಡಿಕೆ, ಬಾಳೆ, ಏನನ್ನೂ ಬಿಡುವುದಿಲ್ಲ. ಪಟಾಕಿ, ಕವಣೆ ಎಲ್ಲ ಮುಗಿದ ಮೇಲೆ ಚಿಕ್ಕಪ್ಪ ಹುಲಿಯ ಗರ್ಜನೆ ಹಾಕುವ ಒಂದು ಸ್ಪೀಕರ್ ತಂದು ಮರಕ್ಕೆ ಕಟ್ಟಿದರು. ಹೇಗಿದೆ ಅಂತ ಕೇಳಿದರೆ, ‘ಮೊದ್ಲು ಓಡ್ತಿದ್ವು ಮಾರಾಯ. ಈಗ ಅದ್ರ ಪಕ್ಕದಲ್ಲೇ ಕೂತು ಬಾಳೆಹಣ್ಣು ಸುಲೀತಾವೆ’ ಅಂದರು. ಪೇಟೆಯಲ್ಲಿರುವ ನನಗೆ ನಗು. ಅವರಿಗೆ ನಗು ಬರಲಿಲ್ಲ, ಫಸಲು ಹೋಗುವುದು ಅವರದ್ದಲ್ವಾ.

ಆದರೆ ಚಿಕ್ಕಪ್ಪನ ಮಂಗಗಳು ಮಾಡಿದ್ದನ್ನೇ ಚೀನೀ ಮತ್ತು ಸೇಫರ್ತ್ ಪ್ರಯೋಗವಾಗಿ ಮಾಡಿದ್ದಾರೆ. ‘ತೋಳ ಬಂತು ತೋಳ’ ಕಥೆಯನ್ನು ಕಾಡಿಗೆ ಒಯ್ದ ಹಾಗೆ. ವರ್ವೆಟ್‌ಗಳಲ್ಲಿ ಬೇರೆ ಗುಂಪು ಬಂತು ಅಂತ ತಿಳಿಸಲು ಎರಡು ಕೂಗಿವೆ. ಕೇಳಲು ಒಂದಕ್ಕೊಂದು ಹೋಲಿಕೆಯೇ ಇಲ್ಲ. ಒಂದೇ ಹೆಣ್ಣಿನ ಒಂದು ಕೂಗನ್ನು ಸುಳ್ಳುಸುಳ್ಳೇ ಮತ್ತೆ ಮತ್ತೆ ಕೇಳಿಸಿದರು. ಉಳಿದವು ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟವು. ಆಮೇಲೆ ಅದೇ ಹೆಣ್ಣಿನ ಎರಡನೇ ಕೂಗು ಕೇಳಿಸಿದರು. ಅದನ್ನೂ ನಂಬಲಿಲ್ಲ. ಸದ್ದು ಬೇರೆ, ಹೇಳುವ ವಿಷಯ ಒಂದೇ, ಹೇಳಿದವಳೂ ಒಬ್ಬಳೇ, ಹಾಗಾಗಿ ನಂಬಬೇಕಿಲ್ಲ. ಬೇರೊಬ್ಬಳು ಕೂಗಿದರೆ ಮಾತ್ರ ಕಿವಿ ನೆಟ್ಟಗಾಯಿತು. ಸದ್ದಿಗೆ ಮಾತ್ರ ಒಗ್ಗಿಹೋಗಿದ್ದರೆ ಹೀಗಾಗುತ್ತಿರಲಿಲ್ಲ. ಅವು ಅಳೆದದ್ದು ಸದ್ದಿನ ಹಿಂದಿನ ಸುದ್ದಿಯನ್ನು.

ಜೋಡಿಸುವ ವಿಷಯಕ್ಕೆ ಮರಳಿದರೆ, ಅದರಲ್ಲಿ ತೀರಾ ಮುಂದೆ ಹೋದದ್ದು ಐವರಿ ಕೋಸ್ಟ್‌ನ ತಾಯ್ ಕಾಡಿನ ಕ್ಯಾಂಪ್‌ಬೆಲ್ ಮಂಗ. ಇದರ ಗಂಡುಗಳ ಕೂಗುಗಳನ್ನು ಅಲ್ಲಿಯವರೇ ಆದ ಕರೀಂ ವಟ್ಟಾರ, ಆಲ್ಬನ್ ಲೆಮಾಸೋನ್ ಮತ್ತು ಜುಬರ್‌ಬ್ಯೂಲರ್ 2009ರಲ್ಲಿ ವಿಂಗಡಿಸಿದರು. ಒಟ್ಟು ಆರು ಬಗೆ: ಬೂಮ್, ಕ್ರಾಕ್, ಹೋಕ್, ಕ್ರಾಕ್-ಊ, ಹೋಕ್-ಊ, ವಾಕ್-ಊ. ಚಿರತೆಗೆ ಕ್ರಾಕ್. ಕಿರೀಟ ಹದ್ದಿಗೆ ಹೋಕ್. ಕೊನೆಗೆ ‘ಊ’ ಅಂಟಿಸಿದರೆ ತೀವ್ರತೆ ತಗ್ಗುತ್ತದೆ. ಕ್ರಾಕ್-ಊ ಅಂದರೆ ಚಿರತೆಯೇ ಆಗಬೇಕಿಲ್ಲ, ಯಾವುದೋ ಒಂದು ಗಲಿಬಿಲಿ. ಹೋಕ್-ಊ ಅಂದರೆ ಮರದ ತಲೆಯಲ್ಲಿ ಏನೋ ಆಗುತ್ತಿದೆ. ನಾವು ಕತ್ತಲಲ್ಲಿ ‘ಹಾವು ಗೀವು ಇದೆಯಾ ನೋಡು’ ಅಂತೀವಲ್ಲ, ಆ ‘ಗೀವು’ ಮಾಡುವ ಕೆಲಸವನ್ನೇ ಸುಮಾರಾಗಿ ಈ ‘ಊ’ ಮಾಡುತ್ತದೆ. ಹಾವು ಖಂಡಿತ ಅಂತಲ್ಲ, ಆ ಜಾತಿಯ ಏನಾದರೂ ಆಗಬಹುದು ಅಂತ ಅರ್ಥ ಹಿಗ್ಗುತ್ತದೆ. ವ್ಯಾಕರಣ ಬಲ್ಲವರು ಈ ಹೋಲಿಕೆಗೆ ಮೂಗು ಮುರಿಯಬಹುದು. ಮುರಿಯಲಿ.

ಈ ‘ಊ’ ನಿಜಕ್ಕೂ ಅರ್ಥ ಬದಲಿಸುತ್ತದೆಯೋ, ಅಥವಾ ನಮ್ಮ ಕಿವಿಗೆ ಹಾಗನ್ನಿಸುತ್ತದೆಯೋ? ಇದಕ್ಕೆ ಸಿಕ್ಕ ಉತ್ತರ ಸೊಗಸಾಗಿದೆ. 2015ರಲ್ಲಿ ಕಮಿಲ್ ಕೋಯೆ ಮತ್ತು ಸಂಗಡಿಗರು ಮುದ್ರಿಸಿದ ಕ್ರಾಕ್‌ಗೆ ಕಂಪ್ಯೂಟರ್‌ನಲ್ಲಿ ‘ಊ’ ಅಂಟಿಸಿದರು. ನಿಜವಾದ ಕ್ರಾಕ್-ಊಗಳಿಂದ ‘ಊ’ವನ್ನು ಕತ್ತರಿಸಿದರು. ಆಮೇಲೆ ಅದೇ ಕಾಡಿನ ಡಯಾನಾ ಮಂಗಗಳಿಗೆ ಕೇಳಿಸಿದರು. ಮೂಲದಲ್ಲಿ ಯಾವ ಸಂದರ್ಭದ ಕೂಗು ಅನ್ನುವುದು ಮುಖ್ಯವಾಗಲಿಲ್ಲ. ‘ಊ’ ಇದ್ದರೆ ಪ್ರತಿಕ್ರಿಯೆ ಸೌಮ್ಯ, ಇಲ್ಲದಿದ್ದರೆ ಜೋರು. ಬಾಲ ಅಂಟಿಸಿದ್ದು ಲ್ಯಾಪ್‌ಟಾಪ್‌ನಲ್ಲಿ ಕೂತ ಮನುಷ್ಯರು, ಅರ್ಥ ಮಾಡಿಕೊಂಡದ್ದು ಬೇರೆ ಜಾತಿಯ ಮಂಗ.

ಗಮನಿಸಿ, ಬೇರೆ ಜಾತಿಯ ಮಂಗ! ಕ್ಯಾಂಪ್‌ಬೆಲ್ ಮತ್ತು ಡಯಾನಾ ಗುಂಪುಗಳು ತಾಯ್ ಕಾಡಿನಲ್ಲಿ ಜೊತೆಜೊತೆಯಾಗಿ ಓಡಾಡುತ್ತವೆ. ಹಾಗಾಗಿ ಒಬ್ಬರ ಕೂಗು ಇನ್ನೊಬ್ಬರಿಗೂ ಗೊತ್ತು. ಜುಬರ್‌ಬ್ಯೂಲರ್ 2002ರಲ್ಲೇ ಇದರ ಮೇಲೆ ಒಂದು ಚಂದದ ಪ್ರಯೋಗ ಮಾಡಿದ್ದರು. ಕ್ಯಾಂಪ್‌ಬೆಲ್ ಗಂಡು ಎಚ್ಚರಿಕೆ ಕೂಗಿದರೆ ಡಯಾನಾಗಳು ತಾವೂ ಎಚ್ಚರಿಕೆ ಕೂಗುತ್ತವೆ. ಆದರೆ ಅಪಾಯ ಅಷ್ಟೇನಿಲ್ಲದಿದ್ದಾಗ, ಮರದ ಕೊಂಬೆ ಬಿದ್ದಾಗ ಇತ್ಯಾದಿ, ಕ್ಯಾಂಪ್‌ಬೆಲ್ ಗಂಡು ಮೊದಲು ಎರಡು ಬೂಮ್ ಹೊಡೆದು ಆಮೇಲೆ ಉಳಿದದ್ದನ್ನು ಕೂಗುತ್ತದೆ. ಎಚ್ಚರಿಕೆಯ ಕೂಗಿನ ಮುಂದೆ ಈ ಬೂಮ್‌ಗಳನ್ನು ಜೋಡಿಸಿ ಕೇಳಿಸಿದಾಗ ಡಯಾನಾಗಳು ಸುಮ್ಮನೆ ಕೂತವು. ಅದೇ ಬೂಮ್‌ಗಳನ್ನು ಡಯಾನಾಗಳದ್ದೇ ಎಚ್ಚರಿಕೆ ಕೂಗಿನ ಮುಂದೆ ಹಾಕಿದರು. ಏನೂ ಬದಲಾಗಲಿಲ್ಲ, ಎಂದಿನಂತೆ ಕೂಗಿದವು. ಯಾರ ಬೂಮ್ ಯಾರ ಕೂಗಿಗೆ ಸೇರಿದ್ದು ಅನ್ನುವುದು ಅವಕ್ಕೆ ಗೊತ್ತು.

ಈಗ ತಾಯ್ ಬಿಟ್ಟು ಸಿಯೆರಾ ಲಿಯೋನ್‌ಗೆ ಬನ್ನಿ. ಮೋವಾ ನದಿಯ ನಡುವೆ ತಿವಾಯ್ ಅನ್ನುವ ದ್ವೀಪವಿದೆ, ಹನ್ನೆರಡು ಚದರ ಕಿಲೋಮೀಟರ್ ಅಷ್ಟೇ. ಅಲ್ಲೂ ಕ್ಯಾಂಪ್‌ಬೆಲ್ ಮಂಗಗಳಿವೆ. ಹದ್ದುಗಳಿವೆ. ಚಿರತೆ ಮಾತ್ರ ದಶಕಗಳಿಂದ ಇಲ್ಲ. ಹಾಗಾದರೆ ಕ್ರಾಕ್ ಏನಾಗಿರಬೇಕು? ಕೆಲಸವಿಲ್ಲದೆ ಮರೆತುಹೋಗಿರಬೇಕು ಅಂತ ನಾನು ಊಹಿಸುತ್ತಿದ್ದೆ. ಮರೆತಿಲ್ಲ. ಅಲ್ಲಿ ಕ್ರಾಕ್ ಎಲ್ಲದಕ್ಕೂ ಬಳಕೆಯಾಗುತ್ತದೆ. ಸಾಮಾನ್ಯ ಎಚ್ಚರಿಕೆ. ಹದ್ದಿಗೂ ಕೂಗುತ್ತವೆ.

2014ರಲ್ಲಿ ಶ್ಲೆಂಕರ್ ತಂಡ ಇದಕ್ಕೆ ಕೊಟ್ಟ ವಿವರಣೆಯನ್ನು ನಾನು ಯಾರು ಸಿಕ್ಕರೂ ಹೇಳುತ್ತಿರುತ್ತೇನೆ. ಮದುವೆ ಮನೆಯಲ್ಲಿ ‘ಊಟ ಹೇಗಿತ್ತು?’ ಅಂತ ಕೇಳಿ, ‘ಪರವಾಗಿಲ್ಲ’ ಅಂತ ಉತ್ತರ ಬಂದರೆ ನಮಗೇನು ತಿಳಿಯುತ್ತದೆ? ಚೆನ್ನಾಗಿರಲಿಲ್ಲ ಅಂತ. ಆ ಪದದಲ್ಲಿ ಹಾಗೇನೂ ಇಲ್ಲ. ಚೆನ್ನಾಗಿದ್ದಿದ್ದರೆ ಚೆನ್ನಾಗಿತ್ತು ಅನ್ನುತ್ತಿದ್ದರು, ಅನ್ನಲಿಲ್ಲ, ಅಂದಮೇಲೆ… ಹೀಗೆ ಹೇಳದೇ ಬಿಟ್ಟದ್ದರಿಂದ ನಾವು ಅರ್ಥ ಕಟ್ಟಿಕೊಳ್ಳುತ್ತೇವೆ. ಶ್ಲೆಂಕರ್ ವಾದವೂ ಇದೇ ದಾರಿಯದ್ದು. ಎರಡೂ ಕಾಡಿನಲ್ಲಿ ಕ್ರಾಕ್‌ನ ಮೂಲ ಅರ್ಥ ಒಂದೇ: ‘ಎಚ್ಚರ’. ಅದರ ಜೊತೆ ಇನ್ನೆರಡು ಕೂಗಿವೆ. ಸಣ್ಣ ಗಲಿಬಿಲಿಗೆ ಕ್ರಾಕ್-ಊ, ಮೇಲಿನಿಂದ ಬರುವುದಕ್ಕೆ ಹೋಕ್. ಇವೆರಡನ್ನೂ ಬಿಟ್ಟು ಗಂಡು ಬರೀ ಕ್ರಾಕ್ ಅಂದರೆ? ಸಣ್ಣದಲ್ಲ, ಮೇಲಿನದೂ ಅಲ್ಲ. ಉಳಿದದ್ದು ನೆಲದ ಮೇಲಿನ ದೊಡ್ಡ ಅಪಾಯ. ತಾಯ್ ಕಾಡಿನಲ್ಲಿ ಅದು ಚಿರತೆ. ತಿವಾಯ್‌ನಲ್ಲಿ ಅಂಥದ್ದೇನೂ ಇಲ್ಲವಾದ್ದರಿಂದ ಈ ತರ್ಕ ಮುಂದೆ ಸಾಗುವುದಿಲ್ಲ, ಕ್ರಾಕ್ ತನ್ನ ಮೂಲ ಅರ್ಥದಲ್ಲೇ ಉಳಿಯುತ್ತದೆ.

ಮಂಗಗಳು ಹೀಗೆ ಕೂತು ತರ್ಕ ಮಾಡುತ್ತವೆ ಅಂತ ಯಾರೂ ಹೇಳುತ್ತಿಲ್ಲ. ಇದು ಮಾದರಿ ಅಷ್ಟೇ. ಎರಡು ಕಾಡಿನ ಮಂಗಗಳು ಒಂದೇ ಕೂಗಿಗೆ ಬೇರೆ ಬೇರೆ ಅರ್ಥವನ್ನು ಕಲಿತಿವೆ ಅಂದರೂ ಸಾಕು, ಇಷ್ಟೆಲ್ಲ ಬೇಡ ಅನ್ನುವ ವಾದವೂ ಇದೆ. ನನ್ನ ಒಲವು ಮಾತ್ರ ಶ್ಲೆಂಕರ್ ಕಡೆಗೆ. ಬಿಳಿಮೂಗಿನ ಮಂಗಗಳ ಮೇಲೆ ಆಮೇಲೆ ನಡೆದ ಪ್ರಯೋಗಗಳೂ ಆ ಕಡೆಗೇ ಕೈ ತೋರಿಸುತ್ತವೆ. ಗಂಡಿನ ಕೂಗಿಗೆ ಕಾರಣ ಏನಿರಬಹುದು ಅನ್ನುವುದನ್ನು ಹೆಣ್ಣುಗಳು ಕೂಗಿನಿಂದ ಮಾತ್ರ ತಿಳಿಯುವುದಿಲ್ಲ. ಸುತ್ತಲಿನ ಸನ್ನಿವೇಶವನ್ನೂ ಸೇರಿಸಿಕೊಂಡು ಅಂದಾಜು ಮಾಡುತ್ತವೆ ಅಂತ 2013ರಲ್ಲಿ ತೋರಿಸಿದ್ದಾರೆ.

ಇಷ್ಟು ಕಡಿಮೆ ಕೂಗಿನಲ್ಲಿ ಯಾಕೆ ಒದ್ದಾಡಬೇಕು, ಇನ್ನಷ್ಟು ಸದ್ದು ಮಾಡಬಾರದಾ? ಮಂಗನ ಗಂಟಲು ಮಾತಿಗೆ ತಕ್ಕುದಲ್ಲ ಅಂತ ಬಹಳ ಕಾಲ ನಂಬಿದ್ದರು. 2016ರಲ್ಲಿ ಟೆಕುಮ್ಸೆ ಫಿಚ್ ಮತ್ತು ಸಂಗಡಿಗರು ಉದ್ದಬಾಲದ ಮಕಾಕ್ ಮಂಗನ ಬಾಯಿ-ಗಂಟಲು ಆಡುವುದನ್ನು ಎಕ್ಸ್-ರೇ ವಿಡಿಯೋದಲ್ಲಿ ಹಿಡಿದು, ಲೆಕ್ಕ ಹಾಕಿ, ಅದರಲ್ಲಿ ಮಾತಿಗೆ ಸಾಕಾಗುವಷ್ಟು ಸ್ವರಗಳು ಹೊರಡಬಲ್ಲವು ಅಂತ ತೋರಿಸಿದರು. ಗಂಟಲು ಸರಿಯಾಗೇ ಇದೆ. ಅದನ್ನು ಬೇಕಾದ ಹಾಗೆ ತಿರುಗಿಸುವ ಹಿಡಿತ ಮೆದುಳಿಗೆ ಇಲ್ಲ. ಹೊಸ ಸದ್ದು ಹುಟ್ಟಿಸಲಾಗದವರು ಇರುವ ಸದ್ದನ್ನೇ ಹಿಂದೆ ಮುಂದೆ ಜೋಡಿಸಿಕೊಂಡಿದ್ದಾರೆ.

ಹಾಗಂತ ಇದು ಭಾಷೆಯಾ? ಈ ಪ್ರಶ್ನೆಗೆ ಜನ ಯಾಕಿಷ್ಟು ಜಗಳವಾಡುತ್ತಾರೋ ನನಗೆ ತಿಳಿಯದು. ಗಂಡು ಮಂಗ ನಿನ್ನೆಯ ಚಿರತೆಯ ಬಗ್ಗೆ ಕೂಗುವುದಿಲ್ಲ. ಹೊಸ ಜೋಡಣೆಗಳನ್ನು ಲೆಕ್ಕವಿಲ್ಲದಷ್ಟು ಮಾಡುತ್ತಲೂ ಹೋಗುವುದಿಲ್ಲ. ನಮ್ಮ ಹಾಗಿಲ್ಲ, ಸರಿ. ಬಾಲವಿಲ್ಲದ ವಾನರಗಳ ಕಡೆ, ಅಂದರೆ ಚಿಂಪಾಂಜಿ ಮತ್ತು ಅದರ ಹತ್ತಿರದ ಸಂಬಂಧಿ ಬೊನೊಬೋ ಕಡೆ ಹೋದರೆ ಚಿತ್ರ ಇನ್ನಷ್ಟು ಬದಲಾಗುತ್ತದೆ. ಕಾಂಗೋದ ಕೊಕೊಲೊಪೋರಿಯಲ್ಲಿ ಬೊನೊಬೋಗಳ ಕೂಗಿನ 700 ಧ್ವನಿಮುದ್ರಿಕೆಗಳನ್ನು ಇಟ್ಟುಕೊಂಡು ಮೆಲಿಸ್ಸಾ ಬರ್ಥೆ ಮತ್ತು ಸಂಗಡಿಗರು 2025ರಲ್ಲಿ ಬರೆದದ್ದು ಅದರ ಬಗ್ಗೆ: ಒಂದು ಕೂಗು ಇನ್ನೊಂದರ ಅರ್ಥವನ್ನೇ ತಿದ್ದುವಂಥ ಜೋಡಣೆಗಳು ಅಲ್ಲಿ ಸಿಕ್ಕಿವೆ. ಅದು ಬೇರೆಯೇ ಒಂದು ಬರಹಕ್ಕೆ ಆಗುವಷ್ಟಿದೆ, ಇಲ್ಲಿ ಬೇಡ.

ನಮ್ಮ ಕಾಡುಗಳಲ್ಲಿ ಈ ಕಿವಿಯ ಕಸುಬು ಸಫಾರಿ ಜೀಪಿನಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಮುಸುವ ಮರದ ತುದಿಯಿಂದ ಕೂಗಿದರೆ ಡ್ರೈವರ್ ಎಂಜಿನ್ ಆಫ್ ಮಾಡುತ್ತಾರೆ. ‘ಕಾಲ್ ಬರ್ತಿದೆ’ ಅಂತಾರೆ. ಜಿಂಕೆಯ ಕೂಗಿಗೆ ಅಷ್ಟು ಬೆಲೆ ಕೊಡುವುದಿಲ್ಲ, ಜಿಂಕೆ ಸುಮ್ಸುಮ್ನೆ ಹೆದರುತ್ತೆ ಅನ್ನುತ್ತಾರೆ. ಮುಸುವದ ಜೊತೆ ಕಡವೆಯೂ ಕೂಗಿದರೆ ಗಾಡಿ ಆ ಕಡೆ ತಿರುಗುತ್ತದೆ. ಮಂಗಗಳೂ ಹೀಗೇ ಕೇಳಿಸಿಕೊಳ್ಳುತ್ತವೆ. ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದ ಕಾಡಿನಲ್ಲಿ ನಮ್ಮ ಸಾಮಾನ್ಯ ಕೋತಿಗಳಿಗೆ ಮುಸುವ ಮತ್ತು ಕಡವೆಯ ಎಚ್ಚರಿಕೆಯ ಕೂಗು ಕೇಳಿಸಿ, ಅವು ಅದಕ್ಕೆ ತಕ್ಕಂತೆ ನಡೆದುಕೊಂಡದ್ದನ್ನು 2000ದಲ್ಲಿ ಬರೆದಿದ್ದಾರೆ.

ಕೂಗಿನ ಜೊತೆ ಕೈಯನ್ನೂ ಜೋಡಿಸಿದ ಮಂಗಗಳಿರುವುದು ನಮ್ಮ ಬಂಡೀಪುರದಲ್ಲೇ. ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನ ಅನಿಂದ್ಯ ಸಿನ್ಹ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅಲ್ಲಿನ ಕೋತಿಗಳು ತಿಂಡಿ ಹಿಡಿದ ಮನುಷ್ಯರ ಕಡೆ ತಿರುಗಿ ‘ಕೂ’ ಅನ್ನುತ್ತವೆ, ಕೈ ಚಾಚುತ್ತವೆ. ಇವರು ನಮ್ಮನ್ನು ನೋಡುತ್ತಿದ್ದಾರಾ ಅಂತಲೂ ಗಮನಿಸುತ್ತವೆ. ಈ ಸಲದ ಕೇಳುಗರು ನಾವು. ಕೋತಿ ಏನು ಹೇಳುತ್ತಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ, ಕಾರಿನ ಗಾಜು ಇಳಿದು ಬಿಸ್ಕತ್ತಿನ ಪ್ಯಾಕೆಟ್ ಹೊರಗೆ ಬರುತ್ತದೆ. ಕಾಡುಪ್ರಾಣಿಗಳಿಗೆ ತಿಂಡಿ ಹಾಕಬೇಡಿ ಅಂತ ಅಲ್ಲೇ ರಸ್ತೆ ಬದಿಯಲ್ಲಿ ಬೋರ್ಡು ಇರುತ್ತದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅದು ಮಾತ್ರ ನಮ್ಮ ಜನಕ್ಕೆ ಅರ್ಥವಾಗುವುದಿಲ್ಲ.